ಬಿಳಿಕೆರೆಯಲ್ಲಿ ಲೋಹಿತ ಬಿದ್ದದ್ದು

ಹೊಸದಾಗಿ ದೈಹಿಕ ಶಿಕ್ಷಕರಾಗಿ ಸೇರಿದ ಇಬ್ಬರು ಕಳೆದ ತಿಂಗಳು ಹುಣಸೂರಿನ ನಮ್ಮ ಮನೆಗೆ ಬಂದಿದ್ದರು. ಮೂವತ್ತಮೂರು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು ಏನಾದರೂ ಹೇಳಲಿ ಎಂಬುದು ಅವರ ಆಸೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಹೇಗೆ, ಮಳೆಗಾಲದಲ್ಲಿ ಮೈದಾನದ ಸುಣ್ಣದ ಗೆರೆ ಅಳಿಸಿಹೋಗದಂತೆ ಎಳೆಯುವುದು ಹೇಗೆ ಎಂಬುದನ್ನೆಲ್ಲ ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಎಲ್ಲಿ ತಪ್ಪಿದೆ ಎಂಬುದನ್ನು ಮಾತ್ರ ನಾನೇ ಹೇಳಬೇಕು. ಅವರ ಕಾಫಿ ಆರಿಹೋಗುವವರೆಗೂ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನನ್ನ ಮೊದಲ ಪೋಸ್ಟಿಂಗು ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆ. ಅಲ್ಲಿ ಎಂಟುನೂರು ಮೀಟರ್ ಓಟದಲ್ಲಿ ಎಲ್ಲರನ್ನೂ ಹಿಂದೆ ಬಿಡುವ ಹುಡುಗಿಯೊಬ್ಬಳಿದ್ದಳು. ಜಿಲ್ಲಾ ಮಟ್ಟಕ್ಕೆ ಹೋದಾಗ, ಬರಿಗಾಲಲ್ಲಿ ಓಡಿದರೆ ನಮ್ಮ ಶಾಲೆಗೆ ಮರ್ಯಾದೆಯಲ್ಲ ಎಂದು ಸ್ನೇಹಿತರೊಬ್ಬರಿಂದ ಮೊಳೆಯ ಶೂ ತಂದು ತೊಡಿಸಿದೆ. ಜೀವಮಾನದಲ್ಲಿ ಶೂ ಹಾಕದ ಮಗು ಮೊದಲ ತಿರುವಿನಲ್ಲೇ ಎಡವಿ ಬಿತ್ತು. ಎದ್ದು ಬಂದವಳು ಶೂ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮಕ್ಕಳು ಮನೆಯಲ್ಲಿ ಹೇಗಿರುತ್ತಾರೆಂದು ತಿಳಿಯದೆ ಅವರಿಗೆ ಆಟ ಕಲಿಸಬಾರದು ಎಂಬುದು ನನಗೆ ಅವತ್ತೇ ಗೊತ್ತಾಗಬೇಕಿತ್ತು. ಗೊತ್ತಾಗುವಷ್ಟರಲ್ಲಿ ನಿವೃತ್ತಿಯೇ ಆಗಿಹೋಗಿತ್ತು.

ಲೋಹಿತ ಸಿಕ್ಕಿದ್ದು ನನ್ನ ಕೊನೆಯ ಶಾಲೆಯಲ್ಲಿ. ಪಿರಿಯಾಪಟ್ಟಣ ತಾಲ್ಲೂಕು, ರಾವಂದೂರಿನಿಂದ ಸ್ವಲ್ಪ ಒಳಗಿನ ಒಂದು ಹಳ್ಳಿಯ ಹೈಸ್ಕೂಲು. ಎಂಟನೇ ಕ್ಲಾಸಿಗೆ ಸೇರಲು ಬಂದಾಗಲೇ ಅವನು ಕ್ಲರ್ಕಿನ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ತಂದೆ ಚಿಕ್ಕೇಗೌಡರು ಹೊಗೆಸೊಪ್ಪು ಬೆಳೆಯುವವರು. ನಮ್ಮ ಕಡೆ ಮಳೆಗಾಲವೆಂದರೆ ಸೊಪ್ಪಿನ ಕಾಲ. ಹೊಲದಲ್ಲಿ ಎಲೆ ಮುರಿಯುವುದು, ಕೋಲಿಗೆ ಕಟ್ಟುವುದು, ಬ್ಯಾರನ್ ಎಂದು ಕರೆಯುವ ಎತ್ತರದ ಗೋಡೆಯ ಮನೆಯೊಳಗೆ ಕಾಯಿಸಿ ಒಣಗಿಸುವುದು. ಮನೆಮಂದಿಗೆಲ್ಲ ಅದೇ ಕೆಲಸ, ಮಕ್ಕಳಿಗೂ.

ನಾನು ವಾಲಿಬಾಲ್ ಆಡಿ ಬೆಳೆದವನು. ಬ್ಯಾಸ್ಕೆಟ್‌ಬಾಲನ್ನು ತರಬೇತಿ ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದಷ್ಟೇ. ಆದರೂ ಆ ಹುಡುಗ ಓಡುತ್ತ ಓಡುತ್ತ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯುವ ರೀತಿ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಬ್ಯಾಸ್ಕೆಟ್‌ಬಾಲ್ ಕಂಬ ಹಾಕಿಸಲು ಹೆಡ್‌ಮಾಸ್ಟರ ಹತ್ತಿರ ಹೋದೆ.

"ಒಬ್ಬ ಹುಡುಗನಿಗೋಸ್ಕರ ಮೈದಾನದಲ್ಲಿ ಕಂಬ ನೆಡಬೇಕೇನ್ರೀ?" ಎಂದರು.

"ಒಬ್ಬನಿಗೇ ಸರ್. ಇವನಂಥವನು ನನಗೆ ಇನ್ನೊಬ್ಬ ಸಿಕ್ಕಿಲ್ಲ."

ಅವರು ಗೋದಾಮಿನಲ್ಲಿದ್ದ ಮುರುಕು ಬೆಂಚುಗಳ ಕಬ್ಬಿಣವನ್ನು ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟರು. ರಾವಂದೂರಿನ ವೆಲ್ಡಿಂಗ್ ಅಂಗಡಿಯವನು ಕಂಬ, ಹಲಗೆ, ರಿಂಗು ಎಲ್ಲ ಮಾಡಿಕೊಟ್ಟ. ಹತ್ತು ಅಡಿಗೆ ನಾನೇ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಊಟಕ್ಕೆ ಹೋದೆ. ಸಂಜೆಗೆ ರಿಂಗು ನಿಂತಿತ್ತು. ಎರಡೂವರೆ ವರ್ಷ ಲೋಹಿತ ದಿನವೂ ಅದಕ್ಕೇ ಚೆಂಡು ಹಾಕಿದ. ಹೊರಗಿನ ಪಂದ್ಯಗಳಲ್ಲಿ ದೂರದಿಂದ ಹೊಡೆದದ್ದು ತಪ್ಪಿದರೆ ಹೊಸ ಜಾಗ, ಅದಕ್ಕೇ ಎಂದುಕೊಳ್ಳುತ್ತಿದ್ದೆ. ಎತ್ತರದ ಹುಡುಗ, ರಿಂಗಿನ ಬುಡಕ್ಕೇ ನುಗ್ಗಿ ಹಾಕಿ ಗೆಲ್ಲಿಸಿಬಿಡುತ್ತಿದ್ದ. ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಮೈಸೂರಿನ ಕಡೆಯ ಒಂದು ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದ.

ಇಪ್ಪತ್ತು ದಿನಕ್ಕೆ ಓಡಿ ಬಂದ. ನಾನು ಅವರ ಮನೆಗೆ ಹೋದಾಗ ಬ್ಯಾರನ್ ಗೋಡೆಗೆ ಒರಗಿ ಕೂತಿದ್ದ. ಚಿಕ್ಕೇಗೌಡರಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ.

"ಬಂದ್ರೆ ಬಂದ ಬುಡಿ ಮೇಷ್ಟ್ರೇ. ಮನೇಲಿ ನಾಕೆಕ್ರೆ ಸೊಪ್ಪದೆ. ಇವ್ನು ಚೆಂಡಾಡ್ಕಂಡು ಕುಂತ್ರೆ ಬ್ಯಾರನ್‌ಗೆ ಸೌದೆ ಆಕೋರ್ ಯಾರು?"

ಲೋಹಿತನನ್ನು ಒಂದು ಕಡೆ ಕರೆದು ಕೇಳಿದೆ. ನೆಲ ನೋಡುತ್ತ ಹೇಳಿದ: "ಅಲ್ಲಿ ರಿಂಗು ಕೆಳುಗದೆ ಸಾ. ನಾನು ಎಸ್ದಿದ್ದೆಲ್ಲ ಮ್ಯಾಲಕ್ಕೋಗಿ ಅಲಗೆಗೆ ಒಡೀತದೆ. ಎಲ್ರೂ ನಗ್ತಾರೆ."

"ಎಲ್ಲ ಕಡೆ ರಿಂಗು ಒಂದೇ ಎತ್ತರ ಕಣೋ."

"ಇಲ್ಲ ಸಾ. ನಮ್ದು ಮ್ಯಾಲದೆ."

ಇಬ್ಬರೂ ಶಾಲೆಗೆ ಹೋಗಿ ಟೇಪು ಹಿಡಿದು ಅಳೆದೆವು. ಹುಡುಗ ಹೇಳಿದ್ದೇ ಸರಿ. ನಾನು ರಿಂಗಿಗೆಂದು ಹಾಕಿದ ಗುರುತಿಗೆ ವೆಲ್ಡರು ಹಲಗೆಯ ಕೆಳಗಿನ ಅಂಚನ್ನು ಕೂರಿಸಿದ್ದ. ರಿಂಗು ಅರ್ಧ ಅಡಿ ಮೇಲಿತ್ತು. ಅಷ್ಟು ವರ್ಷ ಅದನ್ನು ನೋಡುತ್ತಲೇ ಇದ್ದೆ, ಒಂದು ಸಲವೂ ಅಳೆದಿರಲಿಲ್ಲ.

"ತಪ್ಪು ನಿನ್ನದಲ್ಲ, ನನ್ನದು" ಎಂದೆ. ಮೇಷ್ಟ್ರೊಬ್ಬರು ಹಾಗೆ ಹೇಳಿದ್ದನ್ನು ಅವನು ಅಲ್ಲಿಯವರೆಗೆ ಕೇಳಿರಲಿಲ್ಲವೇನೋ, ನನ್ನ ಮುಖವನ್ನೇ ನೋಡಿದ. ಮಾರನೆಯ ದಿನ ನಾನೇ ಜೊತೆಗೆ ಹೋಗಿ ಹಾಸ್ಟೆಲಿಗೆ ಬಿಟ್ಟು ಅಲ್ಲಿನ ಕೋಚಿಗೆ ನಡೆದದ್ದು ಹೇಳಿದೆ. ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೇ ವಾಸಿಯಿತ್ತು. ಕೈಯಳತೆ ಸರಿಹೋಗಲು ಅವನಿಗೆ ಒಂದು ವರ್ಷ ಹಿಡಿಯಿತು.

ಹತ್ತೊಂಬತ್ತು ತುಂಬುವಷ್ಟರಲ್ಲಿ ಲೋಹಿತ ಆರಡಿ ಐದಂಗುಲ. ಹೊಸದಾಗಿ ಶುರುವಾಗಿದ್ದ ವೃತ್ತಿಪರ ಲೀಗಿನ ತಂಡವೊಂದು ಅವನನ್ನು ಒಪ್ಪಂದಕ್ಕೆ ತೆಗೆದುಕೊಂಡಿತು. ನಾನು ನಿವೃತ್ತನಾಗಿದ್ದು ಅದೇ ವರ್ಷ. ಬೀಳ್ಕೊಡುಗೆ ಸಭೆಯಲ್ಲಿ ಎಲ್ಲರೂ ಅವನ ಹೆಸರನ್ನೇ ಎತ್ತಿದರು. ನಾನೂ ಎದೆಯುಬ್ಬಿಸಿ ಕೂತಿದ್ದೆ.

ಮೊದಲ ಸೀಸನ್ ಪೂರ್ತಿ ಗಲಾಟೆ. ಆಟ ಚೆನ್ನಾಗಿತ್ತು, ಬಾಯಿ ಮಾತ್ರ ಕೈಗಿಂತ ಮುಂದೆ. ತಂಡದ ಹಿರಿಯ ಆಟಗಾರನೊಬ್ಬ ಅವನ ಹಿಂದಿಯನ್ನು ಅಣಕಿಸುತ್ತಿದ್ದನಂತೆ, ಪಂದ್ಯದಲ್ಲಿ ಚೆಂಡೂ ಕೊಡುತ್ತಿರಲಿಲ್ಲವಂತೆ. ಒಂದು ದಿನ ಕೋಚು ಲೋಹಿತನನ್ನು ಹೊರಗೆ ಕರೆದು ಕೂರಿಸಿದಾಗ, ಇವನು ನೀರಿನ ಬಾಟಲಿಯನ್ನು ನೆಲಕ್ಕೆ ಅಪ್ಪಳಿಸಿದ. ಅದು ಪುಟಿದು ಕೋಚಿನ ಮೊಣಕಾಲಿಗೆ ಬಡಿಯಿತು. ಆ ವಿಡಿಯೋವನ್ನು ಹುಣಸೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಯಾರೋ ನನಗೇ ತೋರಿಸಿ, "ನಿಮ್ ಶಿಷ್ಯನೇ ಅಲ್ವಾ ಮೇಷ್ಟ್ರೇ?" ಎಂದರು. ತಂಡದವರು ಅವನನ್ನು ಎರಡು ವಾರ ಮನೆಗೆ ಕಳಿಸಿದರು.

ನಾನು ಫೋನಿನಲ್ಲಿ ಕೂಗಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ನಾನು ಆಟ್ದಲ್ಲಿ ತಪ್ಪಿದ್ರೆ ಬಯ್ಲಿ ಸಾ. ನಮ್ ಮಾತ್ನ ಯಾಕೆ ಆಡ್ಕೋಬೇಕು?" ಎಂದ. ಆದರೂ ಎರಡು ವಾರ ಕಳೆದ ಮೇಲೆ ಕೋಚಿನ ಕ್ಷಮೆ ಕೇಳಿ ಮತ್ತೆ ಸೇರಿಕೊಂಡ. ಸೀಸನ್ನಿನ ಕೊನೆಗೆ ಆಡಿದ ನಾಲ್ಕು ಪಂದ್ಯಗಳಲ್ಲಿ ಅವನನ್ನು ಹೊರಗೆ ಕೂರಿಸುವ ಯೋಚನೆಯೇ ಯಾರಿಗೂ ಬರದಂತೆ ಆಡಿದ. ಇನ್ನು ದಾರಿ ಸರಾಗ ಎಂದುಕೊಂಡೆವು.

ಎರಡನೇ ಸೀಸನ್ನಿಗೆ ಮುಂಚೆ, ಶ್ರಾವಣದ ಶುರುವಿನಲ್ಲಿ, ಬೆಂಗಳೂರಿನಲ್ಲಿ ತಂಡದ ಶಿಬಿರ ನಡೆದಿತ್ತು. ಎರಡು ದಿನದ ರಜಕ್ಕೆ ಊರಿಗೆ ಬಂದಿದ್ದ ಲೋಹಿತ ವಾಪಸ್ಸು ಹೋದ ದಿನವೇ, ಸಂಜೆಯ ಅಭ್ಯಾಸದಲ್ಲಿ ವಾಂತಿ ಮಾಡಿಕೊಂಡು ಎಚ್ಚರ ತಪ್ಪಿ ಬಿದ್ದ. ಅಲ್ಲಿನ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ಆಮೇಲೆ ಸ್ಕ್ಯಾನ್. ಹೃದಯದ ಗೋಡೆ ಇರಬೇಕಾದ್ದಕ್ಕಿಂತ ದಪ್ಪ ಇದೆ ಎಂದು ಬಂತು. ತಂಡದವರು ಅವನನ್ನು ಆಟದಿಂದ ನಿಲ್ಲಿಸಿದರು. ಡಾಕ್ಟರ ಒಪ್ಪಿಗೆ ಪತ್ರ ತಂದರೆ ಸರಿ, ಇಲ್ಲವೆಂದರೆ ಒಪ್ಪಂದ ಮುಗಿದಂತೆ.

ಮೈಸೂರಿನಲ್ಲಿ ಹೃದಯದ ಡಾಕ್ಟರಮ್ಮ ಒಬ್ಬರಿದ್ದರು, ವಯಸ್ಸಾದವರು, ಅವಸರವಿಲ್ಲದೆ ಮಾತಾಡುವವರು. ಅವರ ಹತ್ತಿರ ಲೋಹಿತ, ಚಿಕ್ಕೇಗೌಡರು, ನಾನು ಮೂವರೂ ಹೋದೆವು.

"ತುಂಬ ಕಸರತ್ತು ಮಾಡೋ ಆಟಗಾರರಿಗೆ ಹೃದಯ ಹೀಗೆ ದಪ್ಪ ಆಗೋದುಂಟು, ಅದು ತೊಂದರೆ ಅಲ್ಲ" ಎಂದರು. "ಆದರೆ ಒಂದು ಕಾಯಿಲೆಯಲ್ಲೂ ಹೀಗೇ ಕಾಣುತ್ತೆ. ಅದಿದ್ದರೆ ಆಡ್ತಾ ಆಡ್ತಾನೇ ಪ್ರಾಣ ಹೋಗಬಹುದು. ಎರಡರಲ್ಲಿ ಯಾವುದು ಅಂತ ಹೇಳೋಕೆ ಮೂರು ತಿಂಗಳು ಆಟ, ಓಟ ಎಲ್ಲ ನಿಲ್ಲಿಸಬೇಕು. ದಪ್ಪ ಇಳಿದರೆ ಕಸರತ್ತಿಂದ ಆದದ್ದು. ಇಳೀದಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿ ಲೋಹಿತನ ಕಡೆ ತಿರುಗಿದರು. "ಇದಕ್ಕೆ ಮೊದಲು ಯಾವತ್ತಾದರೂ ಹೀಗೆ ಬಿದ್ದಿದ್ದೆಯಾ?"

ಲೋಹಿತ ನನ್ನ ಮುಖ ನೋಡಿದ. ನೋಡಿ, "ಇಲ್ಲ ಮೇಡಂ" ಎಂದ.

ನಾನೂ ಬಾಯಿ ಬಿಡಲಿಲ್ಲ.

ಅವನು ಬಿದ್ದಿದ್ದ. ಹತ್ತನೇ ಕ್ಲಾಸಿನಲ್ಲಿದ್ದಾಗ, ಆಗಸ್ಟಿನಲ್ಲಿ, ಬಿಳಿಕೆರೆಯಲ್ಲಿ ನಡೆದ ಪಂದ್ಯದಲ್ಲಿ. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಅಂಕಣದ ಅಂಚಿಗೆ ಹೋಗಿ ವಾಂತಿ ಮಾಡಿ, ಅಲ್ಲೇ ಕುಸಿದ. ಮೈ ತಣ್ಣಗಿತ್ತು. ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದಾನೆ ಎಂದು ನಾನೇ ತೀರ್ಮಾನಿಸಿ, ನಿಂಬೆಹಣ್ಣಿನ ಪಾನಕ ಕುಡಿಸಿ ನೆರಳಿನಲ್ಲಿ ಮಲಗಿಸಿದೆ. ಅಷ್ಟೇ ಆಗಿದ್ದರೆ ಬೇರೆ ಮಾತು. ಕೊನೆಯ ಹತ್ತು ನಿಮಿಷದಲ್ಲಿ ನಾವು ಹಿಂದೆ ಬಿದ್ದಾಗ ಅವನನ್ನು ಎಬ್ಬಿಸಿ ಮತ್ತೆ ಆಡಿಸಿದೆ. ಗೆದ್ದೆವು. ಹೆಡ್‌ಮಾಸ್ಟರಿಗೆ ಹೇಳಲಿಲ್ಲ, ಮನೆಯವರಿಗೂ ಹೇಳಲಿಲ್ಲ. ಪಂದ್ಯದ ಪುಸ್ತಕದಲ್ಲಿ ಅಂಕಗಳನ್ನು ಮಾತ್ರ ಬರೆದೆ.

ಈಗ ಹೇಳಿದರೆ ಎರಡು ಸಲ ಬಿದ್ದಂತಾಗುತ್ತದೆ. ಕಾಯಿಲೆಯೇ ಇರಬೇಕೆಂದು ಅವನ ಆಟವನ್ನು ಮುಗಿಸಿಬಿಡುತ್ತಾರೆ ಎಂಬ ಭಯ ಒಂದು ಕಡೆ. ಎಚ್ಚರ ತಪ್ಪಿದ ಹುಡುಗನನ್ನು ಆಡಿಸಿದ ಮೇಷ್ಟ್ರು ಎಂದು ಗೊತ್ತಾಗುವ ನಾಚಿಕೆ ಇನ್ನೊಂದು ಕಡೆ. ಯಾವುದು ಹೆಚ್ಚಿತ್ತು ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುವುದಿಲ್ಲ. ಆ ದಿನದಿಂದ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ಲೋಹಿತ ಸಂಜೆ ಸಂಜೆ ಶಾಲೆಯ ಮೈದಾನದಲ್ಲಿ ಚೆಂಡು ಹಾಕುತ್ತಿದ್ದಾನೆಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ತುಂತುರು ಮಳೆಯಲ್ಲಿ ಒಬ್ಬನೇ ಓಡಿ ಓಡಿ ಹಾಕುತ್ತಿದ್ದ. ನಾನು ನಡುವೆ ಹೋಗಿ ಚೆಂಡು ಹಿಡಿದುಕೊಂಡೆ.

"ಕೊಡಿ ಸಾ."

"ಕೊಡಲ್ಲ. ಡಾಕ್ಟರು ಏನಂದ್ರು?"

"ನೀವೇ ಕಲ್ಸಿ, ನೀವೇ ಕಿತ್ಕತೀರಾ ಸಾ? ನಂಗೇನೂ ಆಗಿಲ್ಲ. ಅವತ್ತು ಬಿಳಿಕೆರೇಲಿ ಬಿದ್ದೋನ್ನ ನೀವೇ ಎಬ್ಸಿ ಆಡ್ಸಿದ್ರಲ್ಲ, ಆಗ ಡಾಕ್ಟ್ರು ಬೇಕಾಗಿರ್ನಿಲ್ವಾ?"

ಅವನು ಸಿಟ್ಟಿನಲ್ಲಿ ಆಡಿದ ಮಾತು, ಆದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ವಾಪಸ್ಸು ಬಂದೆ. ಕಂಡಕ್ಟರು, "ಈ ವಯಸ್ನಲ್ಲೂ ಆಡ್ತೀರಾ ಸಾರ್?" ಎಂದಾಗ ಏನು ಹೇಳಿದೆನೋ ನೆನಪಿಲ್ಲ.

ಎರಡು ದಿನ ಬಿಟ್ಟು ಮತ್ತೆ ಅವರ ಮನೆಗೆ ಹೊರಟೆ. ಡಾಕ್ಟರಿಗೆ ನಿಜ ಹೇಳುತ್ತೇನೆ ಎಂದು ಮೊದಲು ಅವನಿಗೆ ತಿಳಿಸಬೇಕಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಹೊಲಕ್ಕೆ ಹೋದರೆ, ಬದುವಿನ ಮೇಲೆ ಕೂಲಿಗೆ ಬಂದಿದ್ದ ಹೆಂಗಸೊಬ್ಬಳು ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಲೋಹಿತನ ತಾಯಿ ಸಾಕಮ್ಮ ಅವಳ ಬೆನ್ನು ನೀವುತ್ತಿದ್ದರು. ಗಾಬರಿಯಿಂದ, "ಏನಾಯ್ತಮ್ಮ?" ಎಂದೆ.

"ಏನಿಲ್ಲ ಬುಡಿ ಮೇಷ್ಟ್ರೇ. ಮಳೇಲಿ ನೆಂದಿರೋ ಸೊಪ್ಪು ಮುರುದ್ರೆ ಇಂಗೇಯಾ. ತಲೆ ತಿರುಗ್ತದೆ, ವಾಂತಿ ಆಯ್ತದೆ. ಒಂದಿನ ಮಲಿಕಂಡ್ರೆ ಸರಿವೋಯ್ತದೆ."

"ಎಲ್ಲರಿಗೂ ಆಗುತ್ತಾ?"

"ನಮ್ಗೆ ರೂಢಿಯಾಗದೆ. ಯಾವಾಗ್ಲೋ ಒಂದ್ಸಲ ಮುರಿಯೋರ್ಗೆ ಜಾಸ್ತಿ."

ನಾನು ಅಲ್ಲೇ ಬದುವಿನ ಮೇಲೆ ಕೂತೆ. "ಸಾಕಮ್ಮ, ಲೋಹಿತ ಬೆಂಗಳೂರಿಗೆ ಹೋಗಿ ಬಿದ್ದನಲ್ಲ, ಆ ದಿನ ಬೆಳಿಗ್ಗೆ ಏನು ಮಾಡ್ತಿದ್ದ?"

"ಇದೇ ಹೊಲ್ದಲ್ಲಿದ್ನಲ್ಲ. ಆಳು ಬರ್ನಿಲ್ಲ ಅಂತ ಅವ್ನೇ ಇಳುದ. ಒತ್ತಾರೆಯಿಂದ ಮುರುದು, ಅಂಗಿಯೆಲ್ಲ ನೆಂದು ತೊಪ್ಪೆಯಾಗಿತ್ತು. ಅಂಗೇ ಮೈ ಒರುಸ್ಕಂಡು ಬಸ್ಸಿಗೋದ."

ಸ್ವಲ್ಪ ದೂರದಲ್ಲಿ ಎಲೆಯ ಹೊರೆ ಕಟ್ಟುತ್ತಿದ್ದ ಲೋಹಿತನನ್ನು ಕೂಗಿದೆ. "ಬಿಳಿಕೆರೆ ಮ್ಯಾಚಿನ ದಿನ ಬೆಳಿಗ್ಗೆ ಎಲ್ಲಿದ್ದೆ?"

ಅವನು ಯೋಚಿಸಿದ. "ಅವತ್ತೂ ಸೊಪ್ಪು ಮುರುದೇ ಬಂದಿದ್ದೆ ಸಾ. ಒಂದು ಸಾಲು ಮುಗಿಸಿದ್ರೇನೆ ಮ್ಯಾಚಿಗೆ ಕಳಿಸ್ತೀನಿ ಅಂದಿದ್ರು ಅಪ್ಪ."

ಹೊರೆಯ ಆಚೆ ನಿಂತಿದ್ದ ಚಿಕ್ಕೇಗೌಡರಿಗೂ ಅದು ಕೇಳಿಸಿತು. ಕೈಯಲ್ಲಿದ್ದ ಹಗ್ಗ ಹಾಗೇ ಬಿಟ್ಟರು.

ಮಾರನೆಯ ದಿನವೇ ಮೈಸೂರಿಗೆ ಹೋದೆವು. ಡಾಕ್ಟರಮ್ಮನ ಎದುರು ನಿಂತುಕೊಂಡೇ ಎಲ್ಲ ಹೇಳಿದೆ. ಬಿಳಿಕೆರೆಯಲ್ಲಿ ಬಿದ್ದದ್ದು, ಎಬ್ಬಿಸಿ ಆಡಿಸಿದ್ದು, ಹಿಂದಿನ ಸಲ ಅವರು ಕೇಳಿದಾಗ ಸುಮ್ಮನಿದ್ದದ್ದು. ಅವರ ಮುಖ ಬಿಗಿಯಿತು.

"ಮೇಷ್ಟ್ರೇ, ಡಾಕ್ಟರ ಹತ್ತಿರ ಮುಚ್ಚಿಟ್ಟರೆ ಯಾರಿಗೆ ಲಾಭ? ಹುಡುಗನಿಗೆ ನಿಜವಾಗಲೂ ಕಾಯಿಲೆ ಇದ್ದಿದ್ದರೆ?"

ಆಮೇಲೆ ಸೊಪ್ಪಿನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಎಷ್ಟು ಹೊತ್ತು ಮುರಿದ, ಮಳೆ ಇತ್ತೇ, ತುಂಬು ತೋಳಿನ ಅಂಗಿ ಹಾಕಿದ್ದನೇ, ಬೀಡಿ ಸಿಗರೇಟು ಸೇದುವವನೇ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ವಿವರಿಸಿದರು: ಹಸಿ ಎಲೆಯಲ್ಲಿರುವ ನಿಕೋಟಿನ್ ನೀರಿನ ಜೊತೆ ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ, ಸೇದುವ ಅಭ್ಯಾಸವಿಲ್ಲದವರನ್ನು ಅದು ಹೆಚ್ಚು ಹಿಡಿಯುತ್ತದೆ.

"ಬಿದ್ದದ್ದಕ್ಕೆ ಇದೇ ಕಾರಣ ಇರಬಹುದು. ಇದು ಒಳ್ಳೇ ಸುದ್ದಿ. ಆದರೆ ಹೃದಯ ದಪ್ಪ ಇರೋದಕ್ಕೆ ಇದು ಉತ್ತರ ಅಲ್ಲ. ಮೂರು ತಿಂಗಳು ಪೂರ್ತಿ ಆಗಲಿ. ಅಲ್ಲಿಯವರೆಗೆ ಚೆಂಡು ಮುಟ್ಟಬಾರದು, ಸೊಪ್ಪೂ ಮುಟ್ಟಬಾರದು."

ಆ ದಿನ ಬಸ್ಸಿನಲ್ಲಿ ಲೋಹಿತ ನನ್ನ ಪಕ್ಕದಲ್ಲೇ ಕೂತ. ಬಿಳಿಕೆರೆ ದಾಟುವಾಗ, "ಅವತ್ತು ಕೋಪಕ್ಕೆ ಅಂದ್ಬುಟ್ಟೆ ಸಾ" ಎಂದ.

"ಅಂದದ್ದು ಒಳ್ಳೇದಾಯ್ತು ಬಿಡೋ" ಎಂದೆ. ಎಷ್ಟೋ ದಿನದ ಮೇಲೆ ಆ ರಾತ್ರಿ ನನಗೆ ನಿದ್ದೆ ಬಂತು. ಫಲಿತಾಂಶ ಇನ್ನೂ ಗೊತ್ತಿರಲಿಲ್ಲ, ಆದರೂ ಬಂತು.

ಉಳಿದ ದಿನಗಳನ್ನು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಜಗಲಿಯ ಮೇಲೆ ಕೂತು ಹಳೆಯ ಪಂದ್ಯಗಳನ್ನು ಫೋನಿನಲ್ಲಿ ನೋಡುತ್ತಿದ್ದ. ಹಿಂದಿ ಕಲಿಯುತ್ತೇನೆಂದು ತಾಯಿಯ ಜೊತೆ ಹಿಂದಿಯಲ್ಲಿ ಮಾತಾಡಿ ಬೈಸಿಕೊಳ್ಳುತ್ತಿದ್ದ. ಚಿಕ್ಕೇಗೌಡರು ಮಾತು ಕಡಿಮೆ ಮಾಡಿಬಿಟ್ಟಿದ್ದರು. ನಾನು ಹೋದಾಗಲೆಲ್ಲ ಕಾಫಿ ಕೊಡಿಸಿ, ಎದ್ದು ಬ್ಯಾರನ್ ಕಡೆ ಹೋಗುತ್ತಿದ್ದರು.

ಕೊನೆಯ ಸ್ಕ್ಯಾನಿನ ದಿನ ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಕರೆದರು. ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ಕನ್ನಡಕ ತೆಗೆದರು.

"ಇಳಿದಿದೆ. ಚೆನ್ನಾಗೇ ಇಳಿದಿದೆ. ಕಾಯಿಲೆ ಅಲ್ಲ, ಕಸರತ್ತಿಂದ ಆಗಿದ್ದು. ಆಡಬಹುದು ಕಣಪ್ಪ. ವರ್ಷಕ್ಕೊಂದು ಸಲ ಬಂದು ತೋರಿಸಿಕೊಂಡು ಹೋಗು."

ಲೋಹಿತ ಅವರ ಕಾಲಿಗೆ ಬಿದ್ದ. ಆ ಉದ್ದದ ಹುಡುಗ ಆ ಚಿಕ್ಕ ಕೋಣೆಯಲ್ಲಿ ಬಗ್ಗಿದಾಗ ಕುರ್ಚಿಯೊಂದು ಉರುಳಿತು. ಹೊರಗೆ ಬಂದ ಮೇಲೆ ಚಿಕ್ಕೇಗೌಡರು ಗೋಡೆ ಹಿಡಿದು ನಿಂತರು. ಅವರಿಗೇನಾಯಿತೋ ಎಂದು ನಾನು ತೋಳು ಹಿಡಿದೆ.

"ಏನಿಲ್ಲ ಮೇಷ್ಟ್ರೇ" ಎಂದರು. "ಅಸಿವಾಯ್ತಾ ಅದೆ. ಎಷ್ಟೋ ದಿನ ಆಗಿತ್ತು, ಇಂಗೆ ಅಸಿವಾಗಿ."

ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕೂತೆವು. ಆ ಮನುಷ್ಯ ಮಸಾಲೆ ದೋಸೆಯ ಮೇಲೆ ಮಸಾಲೆ ದೋಸೆ ತರಿಸಿಕೊಂಡು ತಿನ್ನುವುದನ್ನು ಮಗ ಕಣ್ಣರಳಿಸಿ ನೋಡುತ್ತಿದ್ದ. ನನಗೂ ಅಳು, ನಗು ಒಟ್ಟಿಗೇ ಬಂದು ಸಾಂಬಾರು ನೆತ್ತಿಗೇರಿತು.

ಮನೆಗೆ ಬಂದ ಆ ಇಬ್ಬರು ಯುವಕರಿಗೆ ನಾನು ಹೇಳಿದ್ದು ಇಷ್ಟು. ಈಗ ಮಕ್ಕಳ ಎತ್ತರ, ತೂಕ, ಓಟದ ವೇಗ ಎಲ್ಲ ನಿಮ್ಮ ಫೋನಿನಲ್ಲೇ ಇರುತ್ತದೆ. ಅದು ಒಳ್ಳೆಯದೇ. ಅದರ ಜೊತೆಗೆ, ಮೈದಾನಕ್ಕೆ ಬಂದ ಮಗುವನ್ನು ಬೆಳಿಗ್ಗೆಯಿಂದ ಏನು ಕೆಲಸ ಮಾಡಿದೆ ಎಂದು ಕೇಳಿ. ನಮ್ಮ ತಾಲ್ಲೂಕುಗಳಲ್ಲಿ ಜುಲೈ, ಆಗಸ್ಟಿನಲ್ಲಿ ತಲೆ ಸುತ್ತುತ್ತದೆ ಎಂದ ಮಕ್ಕಳನ್ನೆಲ್ಲ ನಾನು, ತಿಂಡಿ ತಿನ್ನದೆ ಬರುತ್ತೀರಾ ಎಂದು ಗದರಿದ್ದೇನೆ. ಅವರಲ್ಲಿ ಎಷ್ಟು ಜನ ಸೊಪ್ಪಿನ ಸಾಲು ಮುಗಿಸಿ ಬಂದವರೋ ಯಾರಿಗೆ ಗೊತ್ತು? ಮಗು ಬಿದ್ದರೆ ಆಟ ಅಲ್ಲಿಗೆ ಮುಗಿಯಿತು. ಬರೆದಿಡಿ, ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ಗೆಲ್ಲುವ ಪಂದ್ಯವಾದರೂ ಅಷ್ಟೇ.

ಚಿಕ್ಕೇಗೌಡರ ಹೊಲದಲ್ಲಿ ಈಗ ಸೊಪ್ಪು ನೆಂದಿದ್ದರೆ ಯಾರೂ ಇಳಿಯುವುದಿಲ್ಲ. ನೀರು ಆರಿದ ಮೇಲೆ, ಕೈಗೆ ಗವಸು, ತುಂಬು ತೋಳಿನ ಅಂಗಿ ಹಾಕಿಕೊಂಡೇ ಮುರಿಯುತ್ತಾರೆ. ಕೂಲಿಗೆ ಬರುವವರಿಗೂ ಅದೇ ಕಟ್ಟುನಿಟ್ಟು.

ಮೊನ್ನೆ ಲೋಹಿತನ ಪಂದ್ಯ ನೋಡಲು ಅವರ ಮನೆಗೆ ಹೋಗಿದ್ದೆ. ಟೀವಿಯ ಮುಂದೆ ಸಾಕಮ್ಮ, ಚಿಕ್ಕೇಗೌಡರು, ನಾನು. ಮೂರನೇ ಭಾಗದಲ್ಲಿ ರಿಂಗಿನ ಕೆಳಗೆ ಹಾರಿದ ಲೋಹಿತ ಎದುರಾಳಿಗೆ ಡಿಕ್ಕಿ ಹೊಡೆದು ಬೋರಲು ಬಿದ್ದ. ಏಳಲಿಲ್ಲ. ಸಾಕಮ್ಮ ಎದ್ದು ಟೀವಿಯ ಹತ್ತಿರಕ್ಕೇ ಹೋದರು. ಚಿಕ್ಕೇಗೌಡರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಅವನು ಮೊಣಕೈ ಊರಿ ಎದ್ದ. ತುಟಿಯಲ್ಲಿ ರಕ್ತ. ನೆಟ್ಟಗೆ ರೆಫರಿಯ ಹತ್ತಿರ ಹೋಗಿ, ಫೌಲ್ ಯಾಕೆ ಕೊಡಲಿಲ್ಲ ಎಂದು ಎರಡೂ ಕೈ ಎತ್ತಿ ಕೂಗಾಡತೊಡಗಿದ. ಜೊತೆಯವರು ಹಿಡಿದು ಎಳೆದರೂ ಬಿಡಲಿಲ್ಲ. ರೆಫರಿ ಅವನ ಮೇಲೇ ಫೌಲ್ ಹಾಕಿದ.

ಸಾಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಸದ್ಯ ಕಣ್ ಮೇಷ್ಟ್ರೇ, ಜಗ್ಳ ಆಡ್ತಾವ್ನೆ" ಎಂದರು.